86ರ ಅಪ್ಪನಿಗೆ ನಾಯಿಮರಿ ತಂದುಕೊಡಬಹುದೇ?

ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಅಪ್ಪನಿಗೆ 86 ವರ್ಷ. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಜೊತೆಗಿದ್ದ ನಾಯಿಯೂ ಕಳೆದ ವರ್ಷ ವಯಸ್ಸಾಗಿ ಸತ್ತುಹೋಯಿತು. ಅಂದಿನಿಂದ ಅಪ್ಪ ಮಂಕಾಗಿದ್ದಾರೆ, ಹೊರಗೆ ಓಡಾಡುವುದೂ ಕಡಿಮೆಯಾಗಿದೆ. ಈಗ ‘ನನಗೊಂದು ಮರಿ ತಂದುಕೊಡಿ’ ಎಂದು ಪಟ್ಟು ಹಿಡಿದಿದ್ದಾರೆ. ತಂಗಿ ತಂದೇ ಬಿಡೋಣ ಎನ್ನುತ್ತಾಳೆ. ಅಣ್ಣ ‘ಈ ವಯಸ್ಸಲ್ಲಿ ಮರಿಯೇ? ಅಪ್ಪನ ಕಾಲ ಮುಗಿದ ಮೇಲೆ ಅದನ್ನು ಯಾರು ನೋಡ್ತಾರೆ?’ ಎಂದು ರೇಗುತ್ತಾನೆ. ಅಪ್ಪ ರಕ್ತದೊತ್ತಡದ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೋಲು ಹಿಡಿದು ನಡೆಯುತ್ತಾರೆ. ಬುದ್ಧಿ, ನೆನಪು ಚುರುಕಾಗಿವೆ. ಏನು ಮಾಡೋಣ?

ಉತ್ತರ: ಅಪ್ಪನಿಗೆ ನಾಯಿ ಬೇಕು ಅನ್ನಿಸುವುದು ಸಹಜ, ಆ ಆಸೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆದರೆ ಎರಡು ತಿಂಗಳ ಮರಿಯನ್ನು ತಂದು ಒಂಟಿಯಾಗಿರುವ 86ರ ಹಿರಿಯರ ಕೈಗೆ ಕೊಡುವುದು ಬೇಡ. ಅವರಿಗೆ ಬೆಳೆದ, ಸಮಾಧಾನದ ಸ್ವಭಾವದ ನಾಯಿ ಹುಡುಕಿ. ಅದರ ಹೊಣೆ ಹಂಚಿಕೊಳ್ಳಲು ನಿಮ್ಮಲ್ಲೊಬ್ಬರು ಮೊದಲ ದಿನದಿಂದಲೇ ಜೊತೆಗಿರಿ.

ನಿಮ್ಮ ಅಣ್ಣ ಕೇಳುವುದು ಕೊನೆಯ ವರ್ಷಗಳ ಬಗ್ಗೆ. ಆ ಪ್ರಶ್ನೆ ನ್ಯಾಯವಾದದ್ದೇ. ಸಣ್ಣ ತಳಿಯ ನಾಯಿ 12ರಿಂದ 15 ವರ್ಷ ಬದುಕುತ್ತದೆ, ದೊಡ್ಡ ತಳಿಗಳು 8–10 ವರ್ಷ. ಇಂದು ತಂದ ಸಣ್ಣ ಮರಿ ಮುದಿಯಾಗುವ ಹೊತ್ತಿಗೆ ಅಪ್ಪನಿಗೆ ನೂರರ ಆಸುಪಾಸು. ಆದರೂ ನನಗೆ ಹೆಚ್ಚು ಚಿಂತೆ ಇರುವುದು ಮೊದಲ ಎರಡು ವರ್ಷದ ಬಗ್ಗೆ. ಮುಂದೆ ನಾಯಿಯನ್ನು ನೋಡಿಕೊಳ್ಳುವವರನ್ನು ಮೊದಲೇ ಗೊತ್ತು ಮಾಡಿಡಬಹುದು. ಆದರೆ ಮರಿಯ ಮೊದಲ ರಾತ್ರಿಯ ಕೆಲಸವನ್ನು ಆ ರಾತ್ರಿಯೇ ಮಾಡಬೇಕು, ಅದೂ ಅಲ್ಲಿರುವವರೇ ಮಾಡಬೇಕು.

ಆ ರಾತ್ರಿಯನ್ನೇ ನೋಡಿ. ಎಂಟು ವಾರದ ಮರಿ ತಾಯಿಯನ್ನು ಬಿಟ್ಟು ಬಂದಿರುತ್ತದೆ, ಕುಂಯ್‌ಗುಡುತ್ತದೆ, ಊಳಿಡುತ್ತದೆ. ಆ ವಯಸ್ಸಿನ ಮರಿ ಹೆಚ್ಚೆಂದರೆ ಎರಡು–ಮೂರು ಗಂಟೆ ಉಚ್ಚೆ ತಡೆದುಕೊಂಡೀತು. ಎಚ್ಚರವಿದ್ದಾಗ ಅಷ್ಟೂ ಇಲ್ಲ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಪ್ರತಿ ಸಲವೂ ಹೊರಗೆ ಕರೆದೊಯ್ಯಬೇಕು. ಅಂದರೆ ಅಪ್ಪ ನಡುರಾತ್ರಿ ಎರಡು ಸಲ ಹಾಸಿಗೆಯಿಂದ ಏಳಬೇಕು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಥಟ್ಟನೆ ಎದ್ದು ನಿಂತರೆ ತಲೆ ಸುತ್ತುವುದುಂಟು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಒದ್ದಾಡುವ ಮರಿ, ಮುಂದೆ ಮಬ್ಬುಗತ್ತಲು. ತಡವಾದರೆ ನೆಲದ ಮೇಲೆ ಉಚ್ಚೆ, ಅದರ ಮೇಲೆ ಕಾಲಿಟ್ಟರೆ ಜಾರುತ್ತದೆ. ಬಗ್ಗಿ ಒರೆಸಲು ಹೋದರೂ ಆಯ ತಪ್ಪುತ್ತದೆ. ಹಗಲಿಗೂ ಇದೇ ಕಥೆ: ಮರಿ ಹಿಂದೆಮುಂದೆ ನೋಡದೆ ಕಾಲುಗಳ ನಡುವೆ ನುಗ್ಗುತ್ತದೆ, ಪಂಚೆಯ ಅಂಚು ಕಚ್ಚಿ ಎಳೆಯುತ್ತದೆ, ಕೋಲಿನ ತುದಿಯೇ ಅದಕ್ಕೆ ಆಟದ ಸಾಮಾನು.

ಇದು ಬರಿಯ ಊಹೆಯ ಭಯವಲ್ಲ. ಅಮೆರಿಕದಲ್ಲಿ 2001ರಿಂದ 2006ರವರೆಗಿನ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದಾಗ, ನಾಯಿ–ಬೆಕ್ಕುಗಳ ಕಾರಣದಿಂದ ಬಿದ್ದು ಗಾಯವಾದವರು ವರ್ಷಕ್ಕೆ ಸುಮಾರು 86,000 ಎಂದು ಅಂದಾಜಾಯಿತು. ಅವುಗಳಲ್ಲಿ ಬಹುಪಾಲು ನಾಯಿಗಳಿಂದ ಆದದ್ದು. ಅಲ್ಲಿಯೇ, ನಾಯಿಯನ್ನು ಬೆಲ್ಟ್ ಹಾಕಿ ವಾಕಿಂಗ್ ಕರೆದೊಯ್ಯುವಾಗ ಮೂಳೆ ಮುರಿದುಕೊಂಡ 65 ದಾಟಿದವರ ಅಂದಾಜು ಸಂಖ್ಯೆ 2004ರಲ್ಲಿ 1,700ರಷ್ಟಿದ್ದದ್ದು 2017ಕ್ಕೆ 4,400ರಷ್ಟಾಯಿತು. ಅವರಲ್ಲಿ ಹೆಚ್ಚಿನವರು ಹೆಂಗಸರು, ಹೆಚ್ಚಾಗಿ ಮುರಿದದ್ದು ಸೊಂಟದ ಮೂಳೆ. 86ರಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಿಲ್ಲ.

ಇನ್ನು ಹಲ್ಲು. ಮರಿಗೆ 28 ಹಾಲುಹಲ್ಲು, ಒಂದೊಂದೂ ಸೂಜಿಮೊನೆ. ಆರೇಳು ತಿಂಗಳಿಗೆ ಹಲ್ಲು ಬದಲಾಗಿ ಮುಗಿಯುವ ತನಕ ಅದು ಕೈ, ಕಾಲು, ಚಪ್ಪಲಿ ಎಲ್ಲವನ್ನೂ ಬಾಯಿಗೆ ಹಾಕುತ್ತದೆ. ಅದು ಸಿಟ್ಟಿನಿಂದ ಕಚ್ಚುವುದಲ್ಲ, ಆಟ. ಆದರೆ ಹಿರಿಯರ ಚರ್ಮ ಹಾಳೆಯ ಹಾಗೆ ತೆಳುವಾಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗೀರಿನಿಂದಲೂ ಬಹಳ ಹೊತ್ತು ರಕ್ತ ಒಸರುತ್ತದೆ, ಮುಂಗೈ ತುಂಬ ಕಂದುಗಟ್ಟುತ್ತದೆ. ನಾಯಿಯ ಬಾಯಿಯ ಬ್ಯಾಕ್ಟೀರಿಯಾದಿಂದ ಗಾಯ ಕೀವಾಗುವುದೂ ಉಂಟು. ಸಕ್ಕರೆ ಕಾಯಿಲೆಯಿದ್ದರೆ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಅದು ಬೇಗ ಕೈ ಮೀರುತ್ತದೆ. ಎಳೆಯ ಮರಿಗಳಲ್ಲಿ ಭೇದಿ ಸಾಮಾನ್ಯ. ಅದಕ್ಕೆ ಕಾರಣವಾಗುವ ಕೆಲವು ರೋಗಾಣುಗಳು ಮನುಷ್ಯರಿಗೂ ಹರಡುತ್ತವೆ.

ಮರಿಯ ಕಡೆಯಿಂದಲೂ ಯೋಚಿಸಿ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಅದು ಲೋಕವನ್ನು ಪರಿಚಯ ಮಾಡಿಕೊಳ್ಳುವ ಕಾಲ. ಮಕ್ಕಳು, ಅಪರಿಚಿತರು, ವಾಹನದ ಸದ್ದು, ಬೇರೆ ನಾಯಿಗಳು, ಎಲ್ಲವನ್ನೂ ಆಗಲೇ ನಿಧಾನವಾಗಿ ತೋರಿಸಬೇಕು. ಒಂದೇ ಕೋಣೆಯಲ್ಲಿ ಒಬ್ಬರನ್ನೇ ನೋಡಿ ಬೆಳೆದ ನಾಯಿ ಮುಂದೆ ಎಲ್ಲದಕ್ಕೂ ಹೆದರುತ್ತದೆ, ಹೆದರಿ ಕಚ್ಚುತ್ತದೆ. ನಾಲ್ಕು ತಿಂಗಳಾಗುವ ತನಕ ಮೂರು–ನಾಲ್ಕು ವಾರಕ್ಕೊಮ್ಮೆ ಲಸಿಕೆ ಹಾಕಿಸಬೇಕು, ನಡುವೆ ಜಂತುಹುಳುವಿನ ಔಷಧಿ. ಪಾರ್ವೊ, ಡಿಸ್ಟೆಂಪರ್‌ನಂಥ ಕಾಯಿಲೆಗಳು ಮರಿಗಳನ್ನು ಕೊಲ್ಲಬಲ್ಲವು, ಹಾಗಾಗಿ ಇದನ್ನು ಮುಂದೂಡುವಂತಿಲ್ಲ. ಆರು ತಿಂಗಳಿಗೆ ಹರೆಯ ಶುರುವಾಗುತ್ತದೆ. ಮಡಿಲಲ್ಲಿ ಮಲಗುತ್ತಿದ್ದ ಮುದ್ದು ಮರಿ ಕೆಲವು ತಳಿಗಳಲ್ಲಿ ವರ್ಷದೊಳಗೆ 25–30 ಕಿಲೋ ತೂಗುವ, ಕರೆದರೆ ತಿರುಗಿ ನೋಡದ ಪಡ್ಡೆಯಾಗಿರುತ್ತದೆ. ಸಾಕಲಾರೆವು ಎಂದು ಜನ ನಾಯಿಯನ್ನು ಬಿಡಲು ಬರುವುದು ಹೆಚ್ಚಾಗಿ ಈ ಹಂತದಲ್ಲಿ. ಆಗ ನಿಮ್ಮ ಅಪ್ಪ ಎರಡನೇ ಸಲ ನಾಯಿಯನ್ನು ಕಳೆದುಕೊಳ್ಳುತ್ತಾರೆ, ಈ ಸಲ ‘ನನ್ನ ಕೈಲಾಗಲಿಲ್ಲ’ ಎಂಬ ಕೊರಗೂ ಸೇರಿಕೊಳ್ಳುತ್ತದೆ. ಅದು ಅವರಿಗೆ ಆಗಬಾರದು.

ಹಾಗಾದರೆ ಎಂಥ ನಾಯಿ? ಆರರಿಂದ ಎಂಟು ವರ್ಷದ್ದಾದರೆ ಒಳ್ಳೆಯದು. ಅಷ್ಟು ಹೊತ್ತಿಗೆ ನಾಯಿಯ ಗುಣ ಏನೆಂದು ಗೊತ್ತಾಗಿರುತ್ತದೆ, ಹೊರಗೆ ಹೋಗಿ ಗಲೀಜು ಮಾಡುವ ಅಭ್ಯಾಸವಿರುತ್ತದೆ, ಹಗಲೆಲ್ಲ ಕಾಲ ಬುಡದಲ್ಲಿ ಮಲಗಿರುವುದೇ ಅದಕ್ಕೂ ಇಷ್ಟ. ಮಾಲೀಕರು ತೀರಿಹೋಗಿಯೋ ಊರು ಬಿಟ್ಟೋ ಮನೆ ಕಳೆದುಕೊಂಡ ಇಂಥ ನಾಯಿಗಳು ಪ್ರಾಣಿ ಆಶ್ರಯಗಳಲ್ಲಿ ಕಾಯುತ್ತಿರುತ್ತವೆ. ಎಲ್ಲರಿಗೂ ಮರಿಯೇ ಬೇಕು, ಹಾಗಾಗಿ ಇವುಗಳನ್ನು ಕೇಳುವವರು ಕಡಿಮೆ. ಗಾತ್ರದ ಬಗ್ಗೆ ಒಂದು ಮಾತು. ‘ವಯಸ್ಸಾದವರಿಗೆ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು’ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೀರಾ ಪುಟ್ಟ ನಾಯಿ ದೃಷ್ಟಿ ಮಂದವಾದವರ ಕಣ್ಣಿಗೆ ಬೀಳುವುದಿಲ್ಲ, ಕಾಲಿಗೇ ತೊಡರುತ್ತದೆ. ನಿಂತಲ್ಲಿಂದಲೇ ತಲೆ ಸವರಲು ಸಿಗುವಷ್ಟು ಎತ್ತರ, ಜಗ್ಗಿದರೂ ಅಪ್ಪನನ್ನು ಎಳೆದುಹಾಕದಷ್ಟು ತೂಕ, ಇವೆರಡರ ನಡುವಿನದನ್ನು ನೋಡಿ.

ಆರಿಸುವಾಗ ಅಪ್ಪನೇ ಬರಲಿ, ಕೋಲಿನ ಸಮೇತ. ಕೋಲನ್ನು ಎತ್ತಿ ಇಟ್ಟಾಗ ನಾಯಿ ಮುದುರಿಕೊಳ್ಳುತ್ತದೆಯೇ? ಹಿಂದೆ ಏಟು ತಿಂದ ನಾಯಿ ಹಾಗೆ ಮಾಡೀತು. ಅವರು ಕುರ್ಚಿಯಿಂದ ನಿಧಾನವಾಗಿ ಏಳುವಾಗ ಮೈಮೇಲೆ ಹಾರುತ್ತದೆಯೇ, ಕಾಯುತ್ತದೆಯೇ? ಎರಡು ಮೂರು ಸಲ ಹೋಗಿ ನೋಡಿ, ಆಮೇಲೆ ಕೆಲವು ವಾರ ಮನೆಯಲ್ಲಿ ಇಟ್ಟುಕೊಂಡು ನೋಡುವುದಾಗಿ ಕೇಳಿ. ಎಷ್ಟೋ ಆಶ್ರಯಗಳು ಒಪ್ಪುತ್ತವೆ. ಕೆಲವು ಕಡೆ ನಾಯಿಯ ಒಡೆತನ ಆಶ್ರಯದ್ದೇ ಆಗಿದ್ದು, ಹಿರಿಯರು ಅದು ಬದುಕಿರುವಷ್ಟು ಕಾಲ ಸಾಕುವ ಏರ್ಪಾಡೂ ಇರುತ್ತದೆ. ನಿಮ್ಮ ಅಣ್ಣನ ಚಿಂತೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಅಂಥ ಏರ್ಪಾಡು ಸಿಗದಿದ್ದರೆ ನೀವು ಮೂವರಲ್ಲಿ ಒಬ್ಬರು ‘ಎರಡನೇ ಮಾಲೀಕ’ ಆಗಿ. ‘ನಾವೆಲ್ಲ ಇದ್ದೀವಲ್ಲ’ ಎಂದರೆ ಯಾರೂ ಇಲ್ಲ ಎಂದೇ ಅರ್ಥ, ಒಂದೇ ಹೆಸರು ಬೇಕು. ಆ ವ್ಯಕ್ತಿಯ ಬಳಿ ಮನೆಯ ಬೀಗದ ಕೈ ಇರಲಿ, ನಾಯಿಗೆ ಅವರ ಪರಿಚಯವಿರಲಿ, ಅಪ್ಪ ಆಸ್ಪತ್ರೆ ಸೇರಿದ ದಿನವೇ ನಾಯಿ ಅವರ ಮನೆಗೆ ಹೋಗಲಿ. ಇದನ್ನು ಬರೆದಿಡಿ, ಲಸಿಕೆ ಪುಸ್ತಕದ ಜೊತೆಗೇ ಇಡಿ. ಎಷ್ಟೋ ಹಿರಿಯರು ‘ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದು ತಮ್ಮ ಚಿಕಿತ್ಸೆಯನ್ನೇ ಮುಂದಕ್ಕೆ ಹಾಕುತ್ತಾರೆ. ಬ್ರಿಟನ್ನಿನಲ್ಲಿ 1985ರಲ್ಲಿ ಶುರುವಾದ ಸಿನಮನ್ ಟ್ರಸ್ಟ್ ಎಂಬ ಸಂಸ್ಥೆ ಇದೇ ಕೆಲಸ ಮಾಡುತ್ತಿದೆ. ಅದರ ಸ್ವಯಂಸೇವಕರು ಹಿರಿಯರ ನಾಯಿಗಳನ್ನು ವಾಕಿಂಗ್ ಕರೆದೊಯ್ಯುತ್ತಾರೆ, ಮಾಲೀಕರು ತೀರಿಕೊಂಡರೆ ಸಂಸ್ಥೆ ಆ ಪ್ರಾಣಿಗೆ ನೆಲೆ ಒದಗಿಸುತ್ತದೆ.

ಮನೆಯೊಳಗಿನ ಸಿದ್ಧತೆ ದೊಡ್ಡದೇನಲ್ಲ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ನಾಯಿ ಮಲಗದಂತೆ ಅದಕ್ಕೆ ಬೇರೆ ಜಾಗ ಮಾಡಿ, ಆ ದಾರಿಗೊಂದು ರಾತ್ರಿದೀಪ ಹಾಕಿ. ಕೊರಳಿಗೆ ಗೆಜ್ಜೆ ಕಟ್ಟಿದರೆ ಎಲ್ಲಿದೆ ಎಂದು ಕೇಳಿಸುತ್ತದೆ. ಊಟದ ಬಟ್ಟಲನ್ನು ಸ್ಟೂಲ್ ಮೇಲಿಟ್ಟರೆ ಅಪ್ಪ ಬಗ್ಗಬೇಕಿಲ್ಲ. ಹೊರಗೆ ಹೋಗುವಾಗ ಕೊರಳಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಉದ್ದ ಬದಲಾಗುವ, ಸುರುಳಿ ಬಿಚ್ಚಿಕೊಳ್ಳುವ ಬೆಲ್ಟ್ ಬೇಡವೇ ಬೇಡ. ಬೆಲ್ಟನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು, ನಾಯಿ ಜಗ್ಗಿದರೆ ಕೈಬಿಡಲು ಬರಬೇಕು. ಓಡಿಸುವ, ದಣಿಸುವ ವಾಕಿಂಗ್ ಬೇರೆಯವರು ಮಾಡಿಸಲಿ. ಸಂಜೆಯ ನಿಧಾನದ ನಾಲ್ಕು ಹೆಜ್ಜೆ ಅಪ್ಪನದು.

ಮಾತ್ರೆಗಳ ಬಗ್ಗೆ ಮಾತ್ರ ಬಹಳ ಎಚ್ಚರ. ನಡುಗುವ ಕೈಯಿಂದ ಜಾರಿದ ಮಾತ್ರೆ ನೆಲ ಮುಟ್ಟುವ ಮೊದಲೇ ನಾಯಿಯ ಬಾಯಲ್ಲಿರುತ್ತದೆ. ಹೃದಯ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ನಾಯಿಗೆ ಪ್ರಾಣಾಪಾಯ ತರುತ್ತವೆ. ಅಪ್ಪ ಮಾತ್ರೆ ತೆಗೆದುಕೊಳ್ಳುವಾಗ ನಾಯಿ ಬಾಗಿಲ ಆಚೆಗಿರಲಿ. ಹಿಯರಿಂಗ್ ಏಡ್, ಹಲ್ಲುಸೆಟ್ಟು ಇದ್ದರೆ ಎತ್ತರದಲ್ಲಿ, ಡಬ್ಬಿಯೊಳಗೆ ಇಡಿ. ಕಿವಿಯ ವಾಸನೆಗೆ ನಾಯಿಗಳು ಹಿಯರಿಂಗ್ ಏಡನ್ನು ಹುಡುಕಿ ಅಗಿಯುತ್ತವೆ, ಒಳಗಿನ ಬಟನ್ ಬ್ಯಾಟರಿ ಹೊಟ್ಟೆ ಸೇರಿದರೆ ತುರ್ತು ಚಿಕಿತ್ಸೆಯೇ ಬೇಕು. ಸಕ್ಕರೆರಹಿತ ಚೂಯಿಂಗ್ ಗಮ್, ಮಿಠಾಯಿಗಳಲ್ಲಿ ಬಳಸುವ ಜೈಲಿಟಾಲ್ ನಾಯಿಗೆ ವಿಷ. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು, ಗಾಯ ಚಿಕ್ಕದೆಂದು ಬಿಡಬಾರದು.

ಅಪ್ಪನೊಂದಿಗೆ ಕುಳಿತು ಮಾತಾಡಿ. ನೀವು ಮೂವರೇ ತೀರ್ಮಾನ ಮಾಡಿ ಅವರಿಗೆ ತಿಳಿಸುವ ವಿಷಯವಲ್ಲ ಇದು. ಸತ್ತ ನಾಯಿಯ ಬಗ್ಗೆ ಏನು ನೆನಪಾಗುತ್ತದೆ ಎಂದು ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಬೆಳಿಗ್ಗೆ ಎದ್ದರೆ ತನಗಾಗಿ ಕಾಯುವ ಒಂದು ಜೀವ ಇತ್ತು ಎಂದರೆ, ಆ ಜೀವಕ್ಕೆ ಎಂಟು ವರ್ಷವಾದರೂ ನಡೆಯುತ್ತದೆ.

ಪ್ರಶ್ನೆ: ನನಗೆ 78. ದಿನಾ ಒಂದು ಗಂಟೆ ನಡೆಯುತ್ತೇನೆ, ಯಾವ ಮಾತ್ರೆಯೂ ಇಲ್ಲ. ಚಿಕ್ಕಂದಿನಿಂದ ನಾಯಿಗಳ ಜೊತೆ ಬೆಳೆದವಳು. ಮಗ, ಸೊಸೆ, 19ರ ಮೊಮ್ಮಗಳು ಜೊತೆಗೇ ಇದ್ದಾರೆ. ಮೊಮ್ಮಗಳಿಗೂ ಆಸೆ. ಆದರೂ ಮಗ ‘ನಿನಗೆ ವಯಸ್ಸಾಯ್ತಮ್ಮ, ಮರಿ ಬೇಡ’ ಎನ್ನುತ್ತಾನೆ. ಅವನು ಹೇಳುವುದು ಸರಿಯೇ?

ಉತ್ತರ: ಇಲ್ಲಮ್ಮ, ಬರಿಯ ವಯಸ್ಸನ್ನೇ ಲೆಕ್ಕ ಹಿಡಿದರೆ ಸರಿಯಲ್ಲ. ನಿಮ್ಮ ಮನೆಯಲ್ಲಿ ಮರಿ ಸಾಕಬಹುದು. ಆದರೆ ಅದು ಮೊಮ್ಮಗಳ ಹೆಸರಿನ ನಾಯಿಯಾಗಿರಲಿ, ರಾತ್ರಿ ಏಳುವುದು, ಲಸಿಕೆಗೆ ಕರೆದೊಯ್ಯುವುದು ಅವಳದೇ ಕೆಲಸವಾಗಲಿ. ನಾಳೆ ಓದಿಗೋ ಕೆಲಸಕ್ಕೋ ಅವಳು ಬೇರೆ ಕಡೆ ಹೋದರೆ ಏನು ಎಂಬುದನ್ನು ಇವತ್ತೇ ಮಾತಾಡಿ, ಮಗನ ಒಪ್ಪಿಗೆಯೂ ಇರಲಿ. ಅವರು ಒಪ್ಪದೆ ತಂದ ಮರಿ ಮನೆಯಲ್ಲಿ ದಿನವೂ ಜಗಳಕ್ಕೆ ಕಾರಣವಾಗುತ್ತದೆ. ಹಸ್ಕಿ, ಬಾರ್ಡರ್ ಕೋಲಿಯಂಥ ದಿನಕ್ಕೆ ಗಂಟೆಗಟ್ಟಲೆ ಓಡಬೇಕಾದ ತಳಿಗಳು ಬೇಡ.

ಪ್ರಶ್ನೆ: ನಮ್ಮ ತಾಯಿಗೆ 84, ಮರೆವಿನ ಕಾಯಿಲೆ ಶುರುವಾಗಿದೆ. ನಮ್ಮನ್ನು ಕೇಳದೆ ಸಂಬಂಧಿಕರೊಬ್ಬರು ಹುಟ್ಟುಹಬ್ಬಕ್ಕೆ ಮರಿಯನ್ನು ಉಡುಗೊರೆ ಕೊಟ್ಟರು. ಈಗ ಅದಕ್ಕೆ ನಾಲ್ಕು ತಿಂಗಳು. ಅಮ್ಮನ ಕೈಯೆಲ್ಲ ಗೀರು. ವಾಪಸ್ ಕೊಡುವ ಮಾತೆತ್ತಿದರೆ ಅಳುತ್ತಾರೆ. ನಾನು ಇರುವುದು ಅವರ ಮನೆಯಿಂದ ಎರಡು ಬೀದಿ ಆಚೆ.

ಉತ್ತರ: ಜೀವ ಇರುವ ಉಡುಗೊರೆಯನ್ನು ಕೇಳದೆ ಯಾರಿಗೂ ಕೊಡಬಾರದು, ಇಂಥ ಹಿರಿಯರಿಗಂತೂ ಬೇಡವೇ ಬೇಡ. ಈಗ ಆದದ್ದಾಯಿತು. ನೀವು ಎರಡೇ ಬೀದಿ ಆಚೆ ಇರುವುದು ಅನುಕೂಲವಾಯಿತು. ಸಾಧ್ಯವಿದ್ದರೆ ಮರಿ ನಿಮ್ಮ ಮನೆಯಲ್ಲಿ ಬೆಳೆಯಲಿ, ದಿನಾ ಒಂದು ಹೊತ್ತು ಅಮ್ಮನ ಬಳಿ ಬರಲಿ. ಬರುವ ಮೊದಲು ಚೆನ್ನಾಗಿ ಆಡಿಸಿ ದಣಿಸಿ. ಅಮ್ಮ ಸೋಫಾದಲ್ಲಿ ಕುಳಿತಿರಲಿ, ಮಡಿಲ ಮೇಲೆ ದಪ್ಪ ಬಟ್ಟೆ ಹಾಸಿ, ನೀವು ಪಕ್ಕದಲ್ಲೇ ಇರಿ. ‘ವಾಪಸ್ ಕೊಡ್ತೀವಿ’ ಎನ್ನುವ ಬದಲು ‘ಅದಕ್ಕೆ ಪಾಠ ಕಲಿಸಬೇಕು, ನಾನು ಕಲಿಸ್ತೀನಿ’ ಎನ್ನಿ, ಅದು ನಿಜವೂ ಹೌದು.

ಮರೆವಿನ ಕಾಯಿಲೆ ಇರುವವರು ಊಟ ಹಾಕಿದ್ದು ಮರೆತು ನಾಯಿಗೆ ಮತ್ತೆ ಮತ್ತೆ ಹಾಕುತ್ತಾರೆ, ಇಲ್ಲವೇ ಹಾಕಲೇ ಮರೆಯುತ್ತಾರೆ, ಬಾಗಿಲು ತೆರೆದಿಡುತ್ತಾರೆ. ಆದ್ದರಿಂದ ಊಟದ ಹೊಣೆ ನಿಮ್ಮದಾಗಲಿ. ಅಮ್ಮ ತಮ್ಮ ಕೈಯಾರೆ ಕೊಡಲು ದಿನದ ಪಾಲಿನಿಂದಲೇ ಒಂದಿಷ್ಟು ಕಾಳು ತೆಗೆದು ಪುಟ್ಟ ಡಬ್ಬಿಯಲ್ಲಿ ಹಾಕಿಡಿ. ನಿಮ್ಮಿಂದ ಸಾಕಲು ಆಗುವುದಿಲ್ಲ ಎಂದಾದರೆ ಮರಿಗೆ ಒಳ್ಳೆಯ ಮನೆ ಹುಡುಕುವುದನ್ನು ತಡಮಾಡಬೇಡಿ. ಈ ವಯಸ್ಸಿನಲ್ಲಿ ಅದು ಹೊಸಬರಿಗೆ ಬೇಗ ಹೊಂದಿಕೊಳ್ಳುತ್ತದೆ, ಹರೆಯಕ್ಕೆ ಬಂದ ಮೇಲೆ ಕೇಳುವವರೂ ಕಡಿಮೆ.

ಕಾಯಿಲೆ ಮುಂದುವರಿದು ನಿಜವಾದ ನಾಯಿಯ ಸಹವಾಸವೇ ಕಷ್ಟವಾದರೆ ಬೊಂಬೆಯಂಥ ರೋಬೋಟ್‌ಗಳಿವೆ. ಜಪಾನಿನಲ್ಲಿ ರೂಪುಗೊಂಡ ಪಾರೊ ಎಂಬ ಸೀಲ್ ಮರಿಯ ರೂಪದ ರೋಬೋಟ್ ಸುಮಾರು 2.7 ಕಿಲೋ ತೂಗುತ್ತದೆ, ಸವರಿದರೆ ಕಣ್ಣು ಮಿಟುಕಿಸಿ ದನಿ ಮಾಡುತ್ತದೆ, ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಅದು ತೀರಾ ದುಬಾರಿ. ಅಷ್ಟು ಖರ್ಚು ಆಗದವರಿಗೆ ಮೆತ್ತನೆಯ ರೋಮದ ನಾಯಿ ಬೊಂಬೆಯಿಂದಲೂ ಎಷ್ಟೋ ಹಿರಿಯರು ನೆಮ್ಮದಿ ಪಡೆಯುತ್ತಾರೆ. ಆದರೆ ನಿಮ್ಮ ತಾಯಿ ಇನ್ನೂ ಆ ಹಂತಕ್ಕೆ ಬಂದಿಲ್ಲ. ಸದ್ಯಕ್ಕೆ ಅವರ ಗೀರುಗಳನ್ನು ವೈದ್ಯರಿಗೆ ತೋರಿಸಿ, ಮರಿಗೆ ರೇಬೀಸ್ ಲಸಿಕೆ ಆಗಿದೆಯೇ ಎಂದು ಇವತ್ತೇ ಪುಸ್ತಕ ತೆಗೆದು ನೋಡಿ.