ಸ್ಮ್ಯಾಶ್ ಜೋರಿಲ್ಲದೆ ಪ್ರಕಾಶ್ ಗೆದ್ದಿದ್ದು ಹೇಗೆ?

ನಮಸ್ಕಾರ. ಪ್ರಕಾಶ್ ಪಡುಕೋಣೆ ಅವರದು ಭಾರೀ ಸ್ಮ್ಯಾಶ್ (ಶಟಲನ್ನು ಮೇಲಿಂದ ಜೋರಾಗಿ ಕೆಳಕ್ಕೆ ಬಡಿಯೋ ಹೊಡೆತ) ಅಲ್ಲ, ಹಾಗಿದ್ರೆ 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್ ಗೆದ್ದಿದ್ದು ಹೇಗೆ ಅಂತ ಕೇಳಿದ್ದೀರಿ.

ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡೂ ವರ್ಷ ಗೆದ್ದವರು. ಎಗರಿ ಸ್ಮ್ಯಾಶ್ ಹೊಡೆಯೋದೇ ಅವರ ಬಲ. ಪ್ರಕಾಶ್ ಆ ವೇಗದ ಆಟಕ್ಕೆ ಇಳಿಯಲೇ ಇಲ್ಲ. ಶಟಲನ್ನು ಎತ್ತರಕ್ಕೆ ಹೊಡೆದು (ಟಾಸ್) ಎದುರಾಳಿಯನ್ನು ಹಿಂದಕ್ಕೆ ಓಡಿಸೋದು, ಮರುಕ್ಷಣ ನೆಟ್ ಪಕ್ಕ ಮೆತ್ತಗೆ ಡ್ರಾಪ್. ಎರಡಕ್ಕೂ ಕೈ ಎತ್ತೋದು ಒಂದೇ ಥರ. ಕೊನೇ ಗಳಿಗೆಯಲ್ಲಿ ಮಣಿಕಟ್ಟು ಮಾತ್ರ ತಿರುಗುತ್ತದೆ. ಅಷ್ಟರಲ್ಲಿ ಎದುರಾಳಿ ತಪ್ಪು ಕಡೆಗೆ ಹೆಜ್ಜೆ ಇಟ್ಟಾಗಿರುತ್ತದೆ! ಸ್ಕೋರ್ 15-3, 15-10. ಆ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಅವರೇ.

ಇದು ಒಂದು ದಿನದ ಅದೃಷ್ಟ ಅಲ್ಲ. ಅದೇ ವರ್ಷ ಡೆನ್ಮಾರ್ಕ್, ಸ್ವೀಡನ್ ಓಪನ್ ಕೂಡ ಗೆದ್ದಿದ್ದರು. ಅದಕ್ಕೂ ಮೊದಲು ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್.

ಕಲಿತಿದ್ದು ಎಲ್ಲಿ ಗೊತ್ತಾ? ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ. ಅದು ಮದುವೆ ಹಾಲ್. ಮದುವೆ ಇದ್ದ ದಿನ ಆಟ ಇಲ್ಲ. ಹುಡುಗ ಪ್ರಕಾಶ್ ಇವತ್ತು ಹಾಲ್ ಖಾಲಿ ಇದೆಯಾ ಅಂತ ಕಾಯುತ್ತಿದ್ದರಂತೆ. ನನಗೆ ಆ ಕಪ್‌ಗಿಂತ ಜಾಸ್ತಿ ಇಷ್ಟವಾಗೋದು ಈ ಚಿತ್ರವೇ.

ಹಳೇ ವಿಡಿಯೋ ನೋಡೋದಾದ್ರೆ ಶಟಲ್ ಬಿಡಿ, ಸುಮ್ನೆ ಅವರ ಕಾಲುಗಳನ್ನು ನೋಡಿ. ಒಂದು ಹೆಜ್ಜೆಯೂ ದಂಡ ಇಲ್ಲ.