ನಗರವೊಂದು ಬಾಡಿಗೆ ಮನೆಗಳ ತಪಾಸಣೆಯನ್ನು ಎಲ್ಲಿಂದ ಶುರು ಮಾಡಬೇಕು?

ಅಮೆರಿಕದ ನಗರಗಳ ಮಟ್ಟಿಗೆ ಹೇಳುವುದಾದರೆ, ಮೊದಲು ಬಾಡಿಗೆ ಮನೆಗಳ ನೋಂದಣಿ ಆಗಬೇಕು. ಯಾವ ಮನೆ ಬಾಡಿಗೆಗಿದೆ, ಮಾಲೀಕರು ಯಾರು ಎಂಬ ಪಟ್ಟಿಯೇ ಇಲ್ಲದಿದ್ದರೆ ತಪಾಸಣೆ ದೂರು ಬಂದ ಕಡೆಗಷ್ಟೇ ಸೀಮಿತವಾಗುತ್ತದೆ. ಆದರೆ ಮನೆ ಖಾಲಿ ಮಾಡಿಸಿಯಾರೆಂಬ ಭಯದಲ್ಲಿರುವವರು ದೂರು ಕೊಡುವುದೇ ಇಲ್ಲ. ತೀರಾ ಹದಗೆಟ್ಟ ಮನೆಗಳು ಹೀಗೇ ಕಣ್ತಪ್ಪುತ್ತವೆ. ಆದ್ದರಿಂದ ನಿಗದಿತ ಅವಧಿಗೊಮ್ಮೆ ಎಲ್ಲ ಬಾಡಿಗೆ ಮನೆಗಳನ್ನೂ ನೋಡುವ ಪದ್ಧತಿಯೇ ಸರಿ ಎಂದು ನಾನು ಖಚಿತವಾಗಿ ನಂಬುತ್ತೇನೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರ 2005ರಲ್ಲಿ ಕಾನೂನು ಮಾಡಿ, ಹಳೆಯ ಬಾಡಿಗೆ ಮನೆಗಳ ತಪಾಸಣೆಯಲ್ಲೇ ಮಕ್ಕಳಿಗೆ ವಿಷಕಾರಿಯಾದ ಸೀಸ ಬೆರೆತ ಬಣ್ಣದ ಪರೀಕ್ಷೆಯನ್ನೂ ಸೇರಿಸಿತು. ಮಗುವಿನ ರಕ್ತದಲ್ಲಿ ಸೀಸ ಕಾಣಿಸಿಕೊಳ್ಳುವವರೆಗೆ ಕಾಯಬಾರದೆಂಬುದೇ ಅದರ ಉದ್ದೇಶ.

ನಿಯಮ ಬರೆಯುವಾಗ ಕಮಾರಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ಕೊಟ್ಟ ತೀರ್ಪು ನೆನಪಿರಲಿ: ಒಪ್ಪಿಗೆ ಸಿಗದಿದ್ದರೆ, ತುರ್ತು ಸಂದರ್ಭ ಬಿಟ್ಟು, ಒಳಹೋಗಲು ವಾರಂಟ್ ಬೇಕು. ಅದಕ್ಕೆ ಆ ಮನೆಯ ಮೇಲೇ ಅನುಮಾನವಿರಬೇಕೆಂದಿಲ್ಲ. ಇಡೀ ಪ್ರದೇಶಕ್ಕೆ ಅನ್ವಯಿಸುವ ಸಮಂಜಸ ಮಾನದಂಡ ಸಾಕು.

ಖರ್ಚನ್ನು ನೋಂದಣಿ ಶುಲ್ಕದಿಂದ ಭರಿಸಬಹುದು. ತಪಾಸಣಾ ಪಟ್ಟಿ ಚಿಕ್ಕದಿರಲಿ: ಹೊಗೆ ಎಚ್ಚರಿಕೆ ಸಾಧನ, ವಿದ್ಯುತ್ ವೈರಿಂಗ್, ಹೀಟರ್, ನೀರು, ತುರ್ತು ನಿರ್ಗಮನ. ಮನೆ ವಾಸಯೋಗ್ಯವಲ್ಲ ಎಂದು ಘೋಷಿಸಿದರೆ ಬಾಡಿಗೆದಾರರು ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಮೊದಲ ತಪಾಸಣೆಗೂ ಮುನ್ನವೇ ತೀರ್ಮಾನಿಸಿರಬೇಕು.