ಟ್ರೀಹಾಪರ್ ಹುಳುಗಳ ಕೊಂಬಿನ ಆಕಾರ ನೋಡಿ ಅವು ಯಾವ ಉಪಕುಟುಂಬ ಅಂತ ಹೇಳುವುದು ಹೇಗೆ?

ಜಾಲಿ ಗಿಡದಲ್ಲಿ ಸಿಕ್ಕ ಎರಡು ಟ್ರೀಹಾಪರ್, ಅಂದರೆ ಗಿಡದ ರಸ ಹೀರುವ ಪುಟ್ಟ ಹುಳು. ಒಂದಕ್ಕೆ ಉದ್ದ ಕೊಂಬು, ಇನ್ನೊಂದಕ್ಕೆ ಮೊಂಡು ಕೊಂಬು. ಕೈಯಲ್ಲಿ ಅಮೆರಿಕದ ಒಂದು ಚಾರ್ಟು. ಅದನ್ನು ನೋಡಿ ಒಂದಕ್ಕೆ ಮೆಂಬ್ರಾಸಿನೆ, ಇನ್ನೊಂದಕ್ಕೆ ಸ್ಮಿಲಿನೆ ಅಂತ ಬರೆದುಕೊಂಡಿದ್ದೀರಿ. ತಪ್ಪು ತಿಳಿಯಬೇಡಿ, ಓದಿ ನಗು ಬಂತು. ಹದಿನೈದು ವರ್ಷದ ಹಿಂದೆ ನಾನೇ ಈ ಪ್ರಶ್ನೆ ಬರೆದಿದ್ದೆನೋ ಏನೋ ಅನ್ನಿಸಿತು.

ಆಗ ಕೃಷಿ ಎಂ.ಎಸ್ಸಿ. ಎರಡನೇ ವರ್ಷ, ಕೀಟಶಾಸ್ತ್ರ. ತೊಗರಿ ಹೊಲ, ಬದುವಿನ ಜಾಲಿ, ಹೊಂಗೆ ಎಲ್ಲ ಸುತ್ತಿ ಟ್ರೀಹಾಪರ್ ಹಿಡಿದು ಗುಂಪು ಮಾಡುವ ಕೆಲಸ. ನಮ್ಮ ಕ್ಲಾಸಿನಲ್ಲಿ ಅದಕ್ಕೆ ಕೌ ಬಗ್ ಅನ್ನುತ್ತಿದ್ದೆವು. ಹುಡುಕುವುದು ಕಷ್ಟವಿರಲಿಲ್ಲ. ಗೊದ್ದ ಸಾಲು ಹಿಡಿದು ಹತ್ತುತ್ತಿರುವ ಕೊಂಬೆ ನೋಡಿದರೆ ಸಾಕು, ಹುಳು ಬಿಡುವ ಸಿಹಿ ರಸಕ್ಕೆ ಅವು ಮುತ್ತಿರುತ್ತವೆ. ಹತ್ತಿರ ಹೋದರೆ ಬರೀ ಮುಳ್ಳು ಕಾಣುತ್ತದೆ. ಬೆರಳು ಮುಂದೆ ತನ್ನಿ, ಅದರಲ್ಲಿ ಒಂದು ‘ಮುಳ್ಳು’ ಮೆಲ್ಲಗೆ ಕೊಂಬೆಯ ಆ ಕಡೆಗೆ ಸರಿದುಕೊಳ್ಳುತ್ತದೆ. ಆ ಕಡೆಯಿಂದ ಬೆರಳು ತಂದರೆ ಮತ್ತೆ ಈ ಕಡೆಗೆ. ನಾನು ಎಷ್ಟೋ ಮಧ್ಯಾಹ್ನ ಈ ಆಟದಲ್ಲೇ ಕಳೆದಿದ್ದೇನೆ.

ಹಿಡಿದೆ, ಸಾಯಿಸಿದೆ, ಒಣಗಿಸಿದೆ. ಆಮೇಲೆ ಮಾಡಿದ್ದೇ ಆ ತಪ್ಪು.

ಐದಾರು ಮಿಲಿಮೀಟರಿನ ಹುಳು ಅದು. ನೇರ ಪಿನ್ ಚುಚ್ಚಿದರೆ ಬೆನ್ನು ಒಡೆಯುತ್ತದೆ ಅಂತ ಸೀನಿಯರ್ ಒಬ್ಬರು ಹೇಳಿದ್ದರು, ಸರಿಯಾಗಿಯೇ ಹೇಳಿದ್ದರು. ಚಿಕ್ಕ ಕಾರ್ಡಿನ ತುಂಡಿಗೆ ಅಂಟಿಸು ಅಂದರು. ಹೇಗೆ ಅಂಟಿಸಬೇಕು ಅಂತ ನಾನು ಕೇಳಲಿಲ್ಲ. ಕಾರ್ಡಿನ ಮೇಲೆ ಗಮ್ ಸವರಿ, ಹುಳುವನ್ನು ಹೊಟ್ಟೆ ಕೆಳಗೆ ಮಾಡಿ ಕೂರಿಸಿ, ಮೇಲಿನಿಂದ ಒತ್ತಿದೆ. ಕೊಂಬು ಚೆನ್ನಾಗಿ ಕಾಣಬೇಕಲ್ವಾ! ಅದೂ ಎಂಥ ಗಮ್ ಅಂತೀರಿ, ಚಪ್ಪಲಿ ಅಂಟಿಸುವ ಗಟ್ಟಿ ಗಮ್. ನೀರಿನಲ್ಲಿ ಕರಗುವ ಗಮ್ ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಇತ್ತು. ಅದರಲ್ಲಿ ಹುಳು ಕಳಚಿ ಬಿದ್ದೀತು ಅಂತ ಹೆದರಿದೆ. ನಲವತ್ತಕ್ಕೂ ಜಾಸ್ತಿ ಹುಳು, ಒಂದೊಂದಕ್ಕೂ ಊರು, ತಾರೀಖು ಬರೆದ ಲೇಬಲ್. ಕೊಂಬು ಆಕಾಶಕ್ಕೆ, ಆರೂ ಕಾಲು ಗಮ್ಮಿನೊಳಗೆ. ಡಬ್ಬಿ ಮುಚ್ಚಿ ನೆಮ್ಮದಿಯಾಗಿ ಮಲಗಿದೆ.

ಈಗ ನನ್ನ ಕೈಯಲ್ಲಿದ್ದ ಕೀ, ಅಂದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹುಳುವಿನ ಗುಂಪು ಗುರುತಿಸುವ ಪಟ್ಟಿ, ಅದರ ಕಥೆ ಕೇಳಿ. ಟ್ರೀಹಾಪರಿನ ತಲೆಯ ಹಿಂದೆ ಬೆನ್ನಿನ ಒಂದು ತಟ್ಟೆ ಇರುತ್ತದೆ, ಪ್ರೊನೋಟಮ್ ಅಂತ. ಕೊಂಬು, ಮುಳ್ಳು, ಹಿಂದಕ್ಕೆ ಚಾಚಿದ ಬಾಲದಂಥ ಕಡ್ಡಿ ಎಲ್ಲ ಬೆಳೆಯುವುದು ಅದರಿಂದಲೇ. (ಇದು ಬೆನ್ನಿನ ತಟ್ಟೆಯಲ್ಲ, ಮೂರನೇ ಜೊತೆ ರೆಕ್ಕೆಯಂಥದ್ದು ಅಂತ 2011ರಲ್ಲಿ ಒಂದು ಪ್ರಬಂಧ ಬಂದು ಗದ್ದಲವಾಯಿತು. ಮರುವರ್ಷವೇ ಬೇರೆಯವರು ಅಲ್ಲ, ಅದು ಪ್ರೊನೋಟಮ್ಮೇ ಅಂತ ತೋರಿಸಿದರು.) ಅದರ ಹಿಂದೆ, ರೆಕ್ಕೆಗಳ ಬುಡದ ನಡುವೆ ಒಂದು ಸಣ್ಣ ತ್ರಿಕೋನ ತಟ್ಟೆ, ಸ್ಕ್ಯುಟೆಲಂ. ಕೀ ಮೊದಲು ಕೇಳಿದ್ದು: ಸ್ಕ್ಯುಟೆಲಂ ಕಾಣುತ್ತದಾ, ಪ್ರೊನೋಟಮ್ ಕೆಳಗೆ ಮುಚ್ಚಿಹೋಗಿದೆಯಾ? ಜಾಲಿಯ ಹುಳುವಿನಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಮುಂದೆ ಹೋದೆ. ಮುಂಗಾಲು, ನಡುಗಾಲಿನ ಮೊಣಕಾಲ ಕೆಳಗಿನ ಭಾಗ ಎಲೆಯ ಹಾಗೆ ಚಪ್ಪಟೆಯಾಗಿದೆಯಾ? ಹಾಗಿದ್ದರೆ ಮೆಂಬ್ರಾಸಿನೆ.

ಕಾಲು ಎಲ್ಲಿದೆ? ಗಮ್ಮಿನೊಳಗೆ.

ಇಲ್ಲಿ ಪ್ರಾಮಾಣಿಕನಾದವನು ‘ಗೊತ್ತಿಲ್ಲ’ ಅಂತ ಬರೆಯಬೇಕು. ನಾನು ಚಪ್ಪಟೆ ಇರಬಹುದು ಅಂದುಕೊಂಡೆ. ಸ್ಕ್ಯುಟೆಲಂ ಮುಚ್ಚಿದೆ, ಕೊಂಬು ಭರ್ಜರಿಯಾಗಿದೆ, ಇನ್ನೇನು ಬೇಕು ಅಂತ. ಇಪ್ಪತ್ತು ಹುಳುವಿನ ಲೇಬಲ್ ಮೇಲೆ ಮೆಂಬ್ರಾಸಿನೆ ಅಂತ ಇಂಡಿಯನ್ ಇಂಕಿನಲ್ಲಿ ಬರೆದೆ. ಅಧ್ಯಾಯವನ್ನೂ ಟೈಪ್ ಮಾಡಿ ಗೈಡ್ ಮುಂದಿಟ್ಟೆ.

ಸರ್ ಡಬ್ಬಿ ತೆರೆದು, ಲೆನ್ಸ್ ಹಿಡಿದು, ಒಂದು ಪಿನ್ ತಿರುಗಿಸಿದರು. ಮತ್ತೊಂದು ತಿರುಗಿಸಿದರು. ‘ಕಾಲೆಲ್ಲಪ್ಪಾ?’ ಅಂದರು. ನಾನು ಸುಮ್ನೆ ನಿಂತಿದ್ದೆ. ‘ಹೋಗಲಿ, ಇದು ಜಾಲಿಯಲ್ಲಿ ಸಿಕ್ಕಿದ್ದೋ, ಬ್ರೆಜಿಲ್‌ನಲ್ಲೋ?’

ಅದೇ ಪ್ರಶ್ನೆಯನ್ನು ಈಗ ನಿಮಗೆ ಕೇಳುತ್ತೇನೆ. ಮೆಂಬ್ರಾಸಿನೆ ಇರುವುದು ಅಮೆರಿಕ ಖಂಡಗಳಲ್ಲಿ. ಸ್ಮಿಲಿನೆ, ಡಾರ್ನಿನೆ ಇತ್ಯಾದಿಗಳ ಮನೆಯೂ ಆ ಕಡೆಯೇ. ಜಗತ್ತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಾತಿಯ ಟ್ರೀಹಾಪರ್ ಇವೆ. ಆದರೆ ಭಾರತದಲ್ಲಿ ನಿಮ್ಮ ಕಣ್ಣಿಗೆ ಬೀಳುವುದು ಸೆಂಟ್ರೋಟಿನೆ ಅನ್ನುವ ಒಂದೇ ಉಪಕುಟುಂಬ. ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಯಾವ ಉಪಕುಟುಂಬ ಅನ್ನುವುದಕ್ಕೆ ಉತ್ತರ ನಿಮ್ಮ ಊರಿನ ಹೆಸರಿನಲ್ಲೇ ಇದೆ. ಆ ಚಾರ್ಟನ್ನು ಮಡಚಿ ಒಳಗಿಡಿ.

ನನ್ನನ್ನು ದಾರಿ ತಪ್ಪಿಸಿದ್ದು ಆಕ್ಸಿರಾಕಿಸ್ ಟಾರಂಡಸ್ ಅನ್ನುವ ಆ ಜಾಲಿಯ ಹುಳು. ಸೆಂಟ್ರೋಟಿನೆಯಲ್ಲಿ ಸಾಮಾನ್ಯವಾಗಿ ಸ್ಕ್ಯುಟೆಲಂ ಹಿಂದಿನ ಕಡ್ಡಿಯ ಎರಡೂ ಪಕ್ಕದಲ್ಲಿ ಇಣುಕುತ್ತದೆ. ಇದರಲ್ಲಿ ಮಾತ್ರ ಕಾಣುವುದಿಲ್ಲ. ಇದಕ್ಕೇ ಹಿಂದಿನವರು ಅದನ್ನು ಬೇರೆ ಉಪಕುಟುಂಬ ಮಾಡಿ ಇಟ್ಟಿದ್ದರು, ಈಗ ಸೆಂಟ್ರೋಟಿನೆಯೊಳಗಿನ ಒಂದು ಟ್ರೈಬ್, ಅಂದರೆ ಉಪಕುಟುಂಬದೊಳಗಿನ ಚಿಕ್ಕ ಗುಂಪು. ಅದರ ಕಾಲು ನೋಡಿದ್ದರೆ ಚಪ್ಪಟೆ ಇಲ್ಲ, ಸಾದಾ ಕಾಲು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಅರ್ಧ ನಿಮಿಷಕ್ಕೆ ನಾನು ಕೊಟ್ಟ ಬೆಲೆ ಒಂದು ಇಡೀ ಹಂಗಾಮು. ಕಾರ್ಡಿನಿಂದ ಬಿಡಿಸಲು ಹೋದರೆ ಹುಳು ಬಂತು, ಕಾಲು ಅಲ್ಲೇ ಉಳಿಯಿತು. ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು. ಥೀಸಿಸ್ ಆರು ತಿಂಗಳು ತಡ, ನನ್ನ ಬ್ಯಾಚಿನವರೆಲ್ಲ ಅಷ್ಟರಲ್ಲಿ ಕೆಲಸಕ್ಕೆ ಸೇರಿದ್ದರು.

ಇನ್ನು ಕೊಂಬು. ಟಾರಂಡಸ್ ಅಂದರೆ ಹಿಮಸಾರಂಗ. ಲೆಪ್ಟೋಸೆಂಟ್ರಸ್ ಟಾರಸ್ ಅಂತ ಇನ್ನೊಂದು ಟ್ರೀಹಾಪರ್ ಇದೆ, ಟಾರಸ್ ಅಂದರೆ ಹೋರಿ. ಎರಡಕ್ಕೂ ಹೆಸರಿಟ್ಟಿದ್ದು ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರೀಷಿಯಸ್, ಹದಿನೆಂಟನೇ ಶತಮಾನದಲ್ಲಿ. ಹೆಸರು ನೋಡಿದರೆ ಅವನ ಕಣ್ಣೂ ಮೊದಲು ಕೊಂಬಿಗೇ ಹೋಗಿದೆ! ಆದರೆ ಗುಂಪು ಮಾಡಲು ಕೊಂಬು ನಂಬಬೇಡಿ. ಎಷ್ಟೋ ಜಾತಿಗಳಲ್ಲಿ ಹೆಣ್ಣಿನ ಕೊಂಬು ದೊಡ್ಡದು, ಗಂಡಿನದು ಚಿಕ್ಕದು. ಕೆಲವದರಲ್ಲಿ ಗಂಡಿಗೆ ಕೊಂಬೇ ಇಲ್ಲ. ನಿಮ್ಮ ಉದ್ದ ಕೊಂಬು, ಮೊಂಡು ಕೊಂಬು ಒಂದೇ ಕೊಂಬೆಯಲ್ಲಿ ಸಿಕ್ಕಿವೆ ಅಂತೀರಿ. ಗಂಡ ಹೆಂಡತಿ ಇದ್ದರೂ ಇರಬಹುದು.

ನಾನು ಈಗ ನೋಡುವುದು ಇಷ್ಟು. ಮೊದಲು ಹಿಂಗಾಲು. ಉದ್ದಕ್ಕೂ ಸಾಲಾಗಿ ಬಾಚಣಿಗೆ ಹಲ್ಲಿನಂಥ ಮುಳ್ಳಿದ್ದು, ಪ್ರೊನೋಟಮ್ ಹಿಂದಕ್ಕೆ ಚಾಚದೆ ಗಿಡ್ಡವಾಗಿದ್ದರೆ ಅದು ಜಿಗಿಹುಳು, ಟ್ರೀಹಾಪರೇ ಅಲ್ಲ. ಆಮೇಲೆ ಸ್ಕ್ಯುಟೆಲಂ. ಆಮೇಲೆ ಹುಳುವನ್ನು ಪಕ್ಕದಿಂದ ನೋಡಿ, ಹಿಂದಿನ ಕಡ್ಡಿ ಎಲ್ಲಿಂದ ಏಳುತ್ತದೆ ಅಂತ. ಲೆಪ್ಟೋಸೆಂಟ್ರಸ್‌ನಲ್ಲಿ ಅದು ಸ್ಕ್ಯುಟೆಲಂ ಮೇಲೆ ಕಮಾನಿನ ಹಾಗೆ ಎದ್ದಿರುತ್ತದೆ, ಸಂದಿಯಲ್ಲಿ ಆ ಕಡೆಯ ಬೆಳಕು ಕಾಣುತ್ತದೆ. ತೊಗರಿಯಲ್ಲಿ ಸಿಗುವ ಓಟಿನೋಟಸ್‌ನಲ್ಲಿ ಹಾಗೆ ದೂರ ಎದ್ದಿರುವುದಿಲ್ಲ. ಮೇಲಿನಿಂದ ತೆಗೆದ ಫೋಟೋದಲ್ಲಿ ಇದೊಂದೂ ಗೊತ್ತಾಗುವುದಿಲ್ಲ. ನೀವು ಹಾಕಿರುವ ನಾಲ್ಕೂ ಫೋಟೋ ಮೇಲಿನಿಂದಲೇ ಇವೆ.

ಆ್ಯಪ್‌ಗೆ ಹಾಕಿದರೆ ಆಗಲ್ವಾ ಅಂತಲೂ ಕೇಳಿದ್ದೀರಿ. ಹಾಕಿ, ನಂಬಬೇಡಿ.

ಹುಳು ಇನ್ನೂ ಅಂಟಿಸಿಲ್ಲ ಅಂದರೆ ಪುಣ್ಯ. ಗಟ್ಟಿ ಕಾಗದವನ್ನು ಚಿಕ್ಕ ತ್ರಿಕೋನವಾಗಿ ಕತ್ತರಿಸಿ, ತುದಿ ತುಸು ಬಗ್ಗಿಸಿ, ಸಾಸಿವೆಗಿಂತ ಚಿಕ್ಕ ಹನಿ ಗಮ್ ಇಟ್ಟು ಹುಳುವಿನ ಬಲಮಗ್ಗುಲಿಗೆ ತಾಗಿಸಿ. ಎಡಮಗ್ಗುಲು, ಬೆನ್ನು, ಕಾಲು ಎಲ್ಲ ಕಾಣುತ್ತವೆ. ಆಗಲೇ ಅಂಟಿಸಿಬಿಟ್ಟಿದ್ದರೆ ಯಾವ ಗಮ್ ಅಂತ ಕೆಳಗೆ ಬರೆಯಿರಿ. ನೀರಿನ ಗಮ್ ಆದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟರೆ ಬಿಡುತ್ತದೆ, ಎಳೆಯಬೇಡಿ.